ಮೂರನೇ ಸಾಲಿನ ಭಾರ

ನಮ್ಮೂರಿನಲ್ಲಿ ಪಂದ್ಯಕ್ಕೆ ಹೊರಟವರಿಗೆ ‘ಗೆದ್ದು ಬಾ’ ಅಂತ ಯಾರೂ ಹೇಳುವುದಿಲ್ಲ. ಹೇಳಿದರೆ ಜಗಳವೇ ಆಗುತ್ತದೆ. ನಾನು ಹುಣಸೆತೋಪಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಟದ ಮೇಡಂ ಆಗಿದ್ದವಳು. ಅಂತರಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ಶುರುವಾಗುವ ಬೆಳಿಗ್ಗೆ ನಮ್ಮ ಪ್ರಿನ್ಸಿಪಾಲರು ತಂಡವನ್ನು ಸಾಲಾಗಿ ನಿಲ್ಲಿಸಿ, “ಹೆಂಗೂ ಸೋಲ್ತೀರಿ, ಬೇಗ ಸೋತು ಬನ್ನಿ, ಹಾಸ್ಟೆಲ್‌ನಲ್ಲಿ ಅನ್ನ ಆರೋಗುತ್ತೆ” ಎಂದು ಕಳಿಸಿಕೊಡುತ್ತಿದ್ದರು. ಪಾಪ, ಒಳ್ಳೆಯ ಮನುಷ್ಯ. ಅಷ್ಟು ಹೇಳುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

ವಿಷಯ ಇಷ್ಟೇ. ನಮ್ಮೂರಿನ ಅಂಕಣದಲ್ಲಿ ಯಾರನ್ನು ನೋಡುತ್ತ ಜನ ‘ಇವರೇ ಗೆಲ್ಲುವವರು’ ಎಂದು ನಂಬುತ್ತಾರೋ ಅವರ ಮೈ ಭಾರವಾಗುತ್ತದೆ. ಕಾಲು ಏಳುವುದಿಲ್ಲ, ತೋಳು ಎದೆಯಿಂದ ಮೇಲಕ್ಕೆ ಹೋಗುವುದಿಲ್ಲ. ಯಾರೂ ನಂಬದವರು ಹಗುರಾಗಿ ಹಾರಾಡಿಕೊಂಡಿರುತ್ತಾರೆ. ಏಕೆ ಅಂತ ನನ್ನನ್ನು ಕೇಳಬೇಡಿ, ನಾನು ವಿಜ್ಞಾನದ ಮೇಡಂ ಅಲ್ಲ. ಆಟದ ಮಧ್ಯೆ ಜನರ ಮನಸ್ಸು ತಿರುಗಿದರೆ ಭಾರವೂ ಪಕ್ಷ ಬದಲಿಸುತ್ತದೆ, ಅದು ನಿಜ. ಆದರೆ ಜನ ಒಮ್ಮೆ ನಂಬಿದರೆ ಬೇಗ ಬಿಡುವುದಿಲ್ಲ. ಅವರು ಬಿಡುವಷ್ಟರಲ್ಲಿ ಪಂದ್ಯ ಮುಗಿದುಹೋಗಿರುತ್ತದೆ. ಒಂದು ವರ್ಷ ಹೊರಗಿನಿಂದ ಭಾರಿ ತಂಡವೊಂದು ಬಂದಿತ್ತು, ಎಲ್ಲರೂ ತೆಂಗಿನ ಮರದಂಥ ಹುಡುಗಿಯರು. ಅವರನ್ನು ನೋಡಲು ಅರ್ಧ ಊರೇ ನೆರೆಯಿತು, ನೆರೆದವರೆಲ್ಲ ನಂಬಿಯೂ ಬಿಟ್ಟರು. ಪಾಪದವು, ಅಂಕಣದ ಗೆರೆ ದಾಟುವುದಕ್ಕೇ ಏದುಸಿರು ಬಿಟ್ಟವು. ಟೈಪಿಂಗ್ ಕಾಲೇಜಿನ ಹುಡುಗಿಯರು ಅವರನ್ನು ಸೋಲಿಸಿ, ಸಂಜೆಯ ತರಗತಿಗೆ ಸರಿಯಾದ ಹೊತ್ತಿಗೆ ಹೋಗಿ ಕೂತರು.

ಹಾಗಾಗಿ ಎಲ್ಲರೂ ತಮ್ಮ ತಂಡವನ್ನು ಬೈಯುವುದರಲ್ಲಿ ಪಳಗಿದವರು. ಎದುರಾಳಿಗಳ ಬೀದಿಗೆ ಹೋಗಿ ಜೈಕಾರ ಹಾಕಿ, ಹಾರ ಹಾಕಿ ಬರುವವರೂ ಇದ್ದರು. ಅದರಿಂದ ಏನೂ ಆಗುತ್ತಿರಲಿಲ್ಲ, ಬಾಯಿಮಾತಿಗೆ ತೂಕವಿಲ್ಲ. ಒಳಗಿನಿಂದ ನಂಬಬೇಕು, ಕಣ್ಣೆದುರು ನೋಡುತ್ತಿರಬೇಕು. ಊರವರ ನಂಬಿಕೆಯನ್ನು ಹೇಗಾದರೂ ತಡೆದುಕೊಳ್ಳಬಹುದು, ಹೆತ್ತವರದು ಬೇರೆಯೇ ಲೆಕ್ಕ. ಅದಕ್ಕೇ ಆಡುವ ಹುಡುಗಿಯರ ಅಪ್ಪ ಅಮ್ಮ ಯಾರೂ ಆಟ ನೋಡಲು ಬರುತ್ತಿರಲಿಲ್ಲ. ಟೂರ್ನಿಯ ವಾರದಲ್ಲಿ ಅವರನ್ನು ನೀವು ಸೊಪ್ಪಿನ ಮಾರ್ಕೆಟ್ಟಿನಲ್ಲಿ ನೋಡಬೇಕಿತ್ತು. ಬೇಡದ ಸೊಪ್ಪನ್ನೆಲ್ಲ ಕೊಂಡುಕೊಂಡು, ಆ ಕಡೆಯಿಂದ ಈ ಕಡೆಗೆ ಈ ಕಡೆಯಿಂದ ಆ ಕಡೆಗೆ ಸುಮ್ಮನೆ ಓಡಾಡುತ್ತಿರುತ್ತಿದ್ದರು.

ನಮ್ಮ ತಂಡದ ನಾಯಕಿ ರಂಗನಾಯಕಿ, ನಾವೆಲ್ಲ ರಂಗಿ ಎನ್ನುತ್ತಿದ್ದೆವು. ಬಿ.ಕಾಂ. ಕೊನೆಯ ವರ್ಷ. ಅಂಥ ಆಟಗಾರ್ತಿಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅವಳಪ್ಪ ಗವಿರಂಗಯ್ಯ ಟೈಲರ್. ಊರಿನ ಎಲ್ಲ ಕಾಲೇಜುಗಳ ಆಟದ ಅಂಗಿಯನ್ನೂ ಅವರೇ ಹೊಲಿಯುತ್ತಿದ್ದರು. ರಂಗಿ ಮೊದಲ ವರ್ಷದಲ್ಲಿದ್ದಾಗ ಮನುಷ್ಯ ಆಸೆ ತಡೆಯಲಾರದೆ, ತಲೆಗೆ ಟವೆಲ್ ಸುತ್ತಿಕೊಂಡು ಕಡಲೆಕಾಯಿ ಗಾಡಿಯ ಹಿಂದೆ ನಿಂತು ಆಟ ನೋಡಿದ್ದರು. ಬುಟ್ಟಿಯ ಕಡೆಗೆ ಜಿಗಿದಿದ್ದ ರಂಗಿ ಗಾಳಿಯಲ್ಲಿದ್ದವಳು ದೊಪ್ಪೆಂದು ಕೆಳಗೆ ಬಿದ್ದಳು. ಸಿಮೆಂಟು ಬಿರುಕು ಬಿಟ್ಟಿತು. ಮಂಡಿ ಊದಿಕೊಂಡು ಆ ಟೂರ್ನಿಯೇ ಅವಳಿಗೆ ತಪ್ಪಿತು. ಅಂದಿನಿಂದ ಗವಿರಂಗಯ್ಯ ಅಂಕಣದ ರಸ್ತೆಗೂ ಕಾಲಿಟ್ಟಿರಲಿಲ್ಲ.

ಈಗ ಕೊನೆಯ ವರ್ಷದ ಟೂರ್ನಿಗೆ ಎರಡು ತಿಂಗಳಿರುವಾಗ ಈ ಹುಡುಗಿ ನನ್ನ ಮುಂದೆ ಬಂದು ನಿಂತಳು.

“ಮೇಡಂ, ಫೈನಲ್‌ಗೆ ನಮ್ಮಪ್ಪ ಬರ್ಬೇಕು.”

“ಫೈನಲ್‌ಗೆ ಹೋಗೇಬಿಟ್ಯಾ ಆಗ್ಲೇ? ಸರಿ, ಬರ್ಲಿ. ಗೇಟ್ ಹೊರಗೆ ನಿಂತ್ಕೊಳ್ಲಿ.”

“ಒಳಗೆ ಬರ್ಬೇಕು. ನಾನು ಆಡೋದನ್ನ ನೋಡ್ಬೇಕು.”

“ತಲೆ ಕೆಟ್ಟಿದ್ಯಾ ನಿಂಗೆ? ಕಪ್ ಬೇಕೋ, ಅಪ್ಪ ಬೇಕೋ?”

“ಎರಡೂ ಬೇಕು ಮೇಡಂ.”

ನನಗೆ ರೇಗಿತು. ಆದರೆ ಅವಳು ತಲೆ ತಗ್ಗಿಸಲಿಲ್ಲ. “ಪ್ರತಿ ಮ್ಯಾಚ್ ಮುಗಿದ್ಮೇಲೆ ಮನೆಗೆ ಹೋಗಿ ನಾನೇ ಹೇಳ್ಬೇಕು. ಅಪ್ಪ ಮಿಷನ್ ಮುಂದೆ ಕೂತ್ಕೊಂಡು ‘ಆಮೇಲೆ? ಆಮೇಲೆ?’ ಅನ್ನುತ್ತೆ. ಹೇಳಿದ್ದನ್ನೇ ಮೂರು ಸಲ ಹೇಳಿಸ್ಕೊಳ್ಳುತ್ತೆ. ನನ್ನ ಬಾಯಲ್ಲಿ ಏನ್ ಬರುತ್ತೆ ಮೇಡಂ? ಕಾಲೇಜು ಮುಗಿದ್ಮೇಲೆ ನನ್ನನ್ನ ಯಾರು ಆಡಿಸ್ತಾರೆ? ಇದೊಂದು ಸಲ ಬಿಟ್ರೆ ಅಪ್ಪ ನನ್ನ ಆಟ ನೋಡೋದೇ ಇಲ್ಲ. ಸೋಲೋದನ್ನ ನೋಡೋಕೆ ಕರೆಯೋಕೆ ನಂಗಿಷ್ಟ ಇಲ್ಲ. ಗೆಲ್ಲೋದನ್ನ ನೋಡ್ಬೇಕು.”

ಆ ಸಂಜೆ ನಾನು ಮೈದಾನದಲ್ಲಿ ಒಬ್ಬಳೇ ಕೂತು ಯೋಚಿಸಿದೆ. ನಮ್ಮೂರಿನ ಆಟದ ಮೇಡಮ್ಮುಗಳು, ಮೇಷ್ಟರುಗಳು ಎಲ್ಲರೂ ತಲೆ ಕೆಡಿಸಿಕೊಂಡದ್ದು ಹಗುರಾಗುವುದು ಹೇಗೆ ಅಂತ. ಭಾರವಾಗಿ ಆಡುವುದು ಹೇಗೆ ಅಂತ ಒಬ್ಬರೂ ಯೋಚಿಸಿರಲಿಲ್ಲ. ನಾನು ಯೋಚಿಸಿದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನನಗೆ ಅಷ್ಟು ಬುದ್ಧಿ ಇತ್ತು.

ಮರುದಿನ ಕಾಲೇಜಿನ ಗೇಟಿನಲ್ಲಿ ನಿಂತು ಸಾರಿದೆ: ಈ ಹುಡುಗಿಯರನ್ನು ನಿಜವಾಗಿ ನಂಬುವವರು ಯಾರಿದ್ದರೂ ದಿನಾ ಸಂಜೆ ಅಭ್ಯಾಸ ನೋಡಲು ಬನ್ನಿ. ಪ್ರಿನ್ಸಿಪಾಲರು ಕೋಣೆಯಿಂದ ಓಡಿಬಂದರು. “ಸುಗುಣಾ ಮೇಡಂ, ಮಕ್ಕಳನ್ನ ಕೊಲ್ಲಬೇಕು ಅಂತಿದೀರಾ?” ಎಂದರು. “ನೀವೂ ಬನ್ನಿ ಸಾರ್, ನಿಮ್ಮ ತೂಕವೂ ಬೇಕು” ಎಂದೆ. ಅವರು ಕಿವಿ ಮುಚ್ಚಿಕೊಂಡು ಒಳಗೆ ಹೋದರು. ಆದರೆ ಹಾಸ್ಟೆಲಿನ ಅಡುಗೆಯ ಸಾಕಮ್ಮ ಬಂದಳು. ಈ ಹುಡುಗಿಯರು ಚೆಂಡು ಮುಟ್ಟಿದರೆ ಸಾಕು, ಪ್ರಪಂಚದಲ್ಲಿ ಇನ್ನಾರೂ ಇಲ್ಲ ಎನ್ನುವವಳು ಅವಳು. ಒಬ್ಬೊಬ್ಬರಾಗಿ ತಾಯಂದಿರು ಬಂದರು. ಮೊದಲು ಸೆರಗಿನ ಮರೆಯಲ್ಲಿ ನೋಡಿದರು, ಆಮೇಲೆ ಧೈರ್ಯವಾಗಿ ಕೂತು ನೋಡಿದರು. ಎಷ್ಟು ವರ್ಷದಿಂದ ಒಳಗೆ ಅದುಮಿಟ್ಟ ನಂಬಿಕೆಯೋ! ಮೊದಲ ದಿನ ನಮ್ಮ ಹುಡುಗಿಯರು ನಿಂತಲ್ಲೇ ಕುಸಿದರು. ಮೂಲೆಯ ಆಟಗಾರ್ತಿ ನಸೀಮಾ, “ಮೇಡಂ, ಉಸಿರಾಡೋದೂ ಆಟದಲ್ಲಿ ಸೇರುತ್ತಾ?” ಎಂದು ಕೇಳಿದಳು.

ನಾನು ಜಿಗಿತವನ್ನೇ ತೆಗೆದುಹಾಕಿದೆ. ಭಾರವಾದವಳನ್ನು ಜಾಗದಿಂದ ಕದಲಿಸಲು ಯಾರಿಂದಲೂ ಆಗುವುದಿಲ್ಲ, ಆದ್ದರಿಂದ ಓಡಬೇಡಿ, ಸರಿಯಾದ ಜಾಗದಲ್ಲಿ ಬೇರು ಬಿಟ್ಟ ಹಾಗೆ ನಿಲ್ಲಿ ಎಂದೆ. ಚೆಂಡನ್ನು ಮೇಲಿಂದ ಎಸೆಯಬೇಡಿ, ನೆಲಕ್ಕೆ ಬಡಿದು ದಾಟಿಸಿ ಎಂದೆ. ತೋಳು ಎದೆಯ ಮೇಲಕ್ಕೆ ಏಳದಿದ್ದರೆ ಬುಟ್ಟಿಗೆ ಹಾಕುವುದು ಹೇಗೆ? ಮಂಡಿ ಬಾಗಿಸಿ, ಎರಡೂ ಕೈಯಲ್ಲಿ ಚೆಂಡು ಹಿಡಿದು, ಕಾಲ ಸಂದಿನಿಂದ ಮುಂದಕ್ಕೆ ತೂಗಿ ಬಿಡುವುದು, ಅಂಗಳಕ್ಕೆ ಬಕೆಟ್ಟಿನಿಂದ ನೀರೆರಚಿದ ಹಾಗೆ. ತೋಳು ತನ್ನ ಭಾರಕ್ಕೆ ತಾನೇ ತೂಗಿಬರುತ್ತದೆ, ನಾವು ಎತ್ತಬೇಕಾಗಿಲ್ಲ. ಹುಡುಗಿಯರಿಗೆ ನಾಚಿಕೆ. “ಅಯ್ಯೋ ಮೇಡಂ, ಇದನ್ನ ನೋಡಿ ಗಂಡುಹುಡುಗ್ರು ನಗ್ತಾರೆ” ಎಂದರು. “ನಗಲಿ. ನಗುವವರು ನಂಬುವುದಿಲ್ಲ, ಅಷ್ಟು ಭಾರ ಕಡಿಮೆ” ಎಂದೆ. ತಿಂಗಳು ಕಳೆಯುವಷ್ಟರಲ್ಲಿ ಹತ್ತರಲ್ಲಿ ಏಳು ಬುಟ್ಟಿಗೆ ಬೀಳತೊಡಗಿತು. ರಂಗಿಯದು ತಪ್ಪುತ್ತಲೇ ಇರಲಿಲ್ಲ.

ಗವಿರಂಗಯ್ಯ ಮಾತ್ರ ಅಭ್ಯಾಸಕ್ಕೂ ಬರಲಿಲ್ಲ. ನಾವು ಸೆಮಿಫೈನಲ್ ಗೆದ್ದ ಸಂಜೆ ನಾನೇ ಅಂಗಡಿಗೆ ಹೋದೆ. ಅವರು ಬುರುಜು ಕಾಲೇಜಿನ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಫೈನಲ್‌ನಲ್ಲಿ ನಮಗೆ ಎದುರು ಅದೇ ಕಾಲೇಜು.

“ಬೇಡ ಮೇಡಂ,” ಅಂದರು, ನಾನು ಬಾಯಿ ಬಿಡುವ ಮೊದಲೇ. “ನನ್ನ ನಂಬಿಕೆ ಕೆಟ್ಟದ್ದು. ಆವತ್ತು ನೋಡಿದ್ರಲ್ಲ.”

“ಸ್ವಲ್ಪ ಅನುಮಾನ ಪಡೋದು ಕಲೀರಿ.”

“ಪಟ್ಟಿಲ್ವಾ? ಮಿಷನ್ ತುಳಿತಾ ‘ನನ್ ಮಗಳು ಸೋಲ್ತಾಳೆ, ನನ್ ಮಗಳು ಸೋಲ್ತಾಳೆ’ ಅಂತ ದಿನವೆಲ್ಲ ಅಂದ್ಕೋತೀನಿ. ಬಾಯಿ ಅನ್ನುತ್ತೆ. ಒಳಗಡೆ ಇಳಿಯಲ್ಲ ಮೇಡಂ. ಏನ್ ಮಾಡ್ಲಿ, ಹೇಳಿ?”

ನನಗೆ ಅಯ್ಯೋ ಅನ್ನಿಸಿತು. ಹಾಗೆಂದು ತೋರಿಸಿಕೊಳ್ಳುವ ಪೈಕಿ ನಾನಲ್ಲ. “ನೋಡಿ ಗವಿರಂಗಯ್ಯನವರೇ, ನಿಮ್ಮ ಮಗಳು ಊರಿನ ಅರ್ಧ ಹೆಂಗಸರ ಭಾರ ಹೊತ್ಕೊಂಡು ಎರಡು ತಿಂಗಳು ಆಡಿದಾಳೆ. ಅವಳು ಹೊರೋದು ಕಲ್ತಿದ್ದು ನಿಮ್ಮದನ್ನ ಹೊರೋಕೆ. ಮೂರನೇ ಸಾಲಿನಲ್ಲಿ ಒಂದು ಜಾಗ ಹಿಡಿಸಿರ್ತೀನಿ. ಬಂದ್ರೆ ಬನ್ನಿ, ಬಿಟ್ರೆ ಬಿಡಿ” ಎಂದು ಹೇಳಿ ಹೊರಟುಬಂದೆ.

ಫೈನಲ್ ದಿನ ಬುರುಜು ಕಾಲೇಜಿನ ತಂಡ ಕುಂಟಿಕೊಂಡು ಬಂತು. ಅವರ ಆಟದ ಮೇಡಂ ದಾಕ್ಷಾಯಿಣಿ ಕೈಲಾಗದವರಂತೆ ನಟಿಸುವ ವಿದ್ಯೆಯಲ್ಲಿ ಪಂಡಿತೆ. ಒಬ್ಬಳ ಮಂಡಿಗೆ ಬ್ಯಾಂಡೇಜು, ಇನ್ನೊಬ್ಬಳಿಗೆ ಕೆಮ್ಮು, ಮತ್ತೊಬ್ಬಳ ಕೈಯಲ್ಲಿ ಮಾತ್ರೆಯ ಶೀಶೆ. ದಾಕ್ಷಾಯಿಣಿ ನನ್ನ ಹತ್ತಿರ ಬಂದು, “ಏನ್ ಸುಗುಣಾ, ನಮ್ಮವ್ರು ಮೈದಾನ ದಾಟಿದ್ರೆ ಸಾಕಾಗಿದೆ ಕಣೇ” ಎಂದಳು. “ನಮ್ಮವ್ರು ಗೆಲ್ತಾರೆ” ಎಂದೆ ನಾನು. ಅವಳ ಮುಖ ಬಿಳಿಚಿಕೊಂಡಿತು. ಅಂಥ ಮಾತನ್ನು ಆ ಅಂಕಣದಲ್ಲಿ ಜೋರಾಗಿ ಯಾರೂ ಆಡಿದ್ದಿಲ್ಲ. ಸುತ್ತಲಿನವರು ನಮ್ಮ ಹುಡುಗಿಯರ ಕಡೆ ತಿರುಗಿ ನೋಡಿದರು, ಮತ್ತು ನೋಡಿದಂತೆಲ್ಲ ನಂಬಿದರು. ನಮ್ಮವರ ಹೆಗಲು ಇಳಿಯುವುದು ನನಗೆ ಕಂಡಿತು.

ಸೀಟಿ ಊದುವ ಹೊತ್ತಿಗೆ ಗವಿರಂಗಯ್ಯ ಬಂದರು. ಇಸ್ತ್ರಿ ಮಾಡಿದ ಅಂಗಿ, ಕ್ರಾಪು ಬಾಚಿ, ಮದುವೆಗೆ ಹೊರಟವರಂತೆ ಬಂದು ಮೂರನೇ ಸಾಲಿನಲ್ಲಿ ಕೂತರು. ಅಕ್ಕಪಕ್ಕದವರು ಹೌಹಾರಿದರು. ಆಡುವ ಹುಡುಗಿಯ ಅಪ್ಪ! ಒಬ್ಬರಂತೂ ಅವರ ತೋಳು ಹಿಡಿದು ಎಬ್ಬಿಸಲು ನೋಡಿದರು. ಅವರು ಎದ್ದೇಳಲಿಲ್ಲ. ರಂಗಿ ನಡು ಅಂಕಣದಲ್ಲಿದ್ದವಳು ಒಮ್ಮೆ ಮಂಡಿ ಮಡಚಿದಳು, ಬಿದ್ದೇ ಹೋದಳು ಎಂದುಕೊಂಡೆ. ಬೀಳಲಿಲ್ಲ. ಕಾಲು ಅಗಲಿಸಿ ಊರಿ ನಿಂತಳು.

ಮೊದಲರ್ಧದಲ್ಲಿ ಬುರುಜಿನವರು ಹಾರಿದ್ದೇ ಹಾರಿದ್ದು. ಬ್ಯಾಂಡೇಜಿನವಳಂತೂ ನಸೀಮಾಳ ತಲೆಯ ಮೇಲಿಂದಲೇ ದಾಟಿ ಹೋಗಿ ಚೆಂಡು ಹಾಕಿದಳು. ನಮ್ಮವರು ಓಡಲಿಲ್ಲ. ನಿಂತರು, ನೆಲಕ್ಕೆ ಬಡಿದು ಚೆಂಡು ದಾಟಿಸಿದರು, ತೂಗಿ ಹಾಕಿದರು. ಮೊದಲ ಸಲ ರಂಗಿ ಕಾಲ ಸಂದಿನಿಂದ ಚೆಂಡು ತೂಗಿದಾಗ ಮೆಟ್ಟಿಲ ಮೇಲಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆಂಡು ಬುಟ್ಟಿಯೊಳಗೆ ಬಿತ್ತು. ಎರಡನೇ ಸಲ ಅರ್ಧ ಜನ ನಕ್ಕರು. ನಾಲ್ಕನೇ ಸಲ ಯಾರೂ ನಗಲಿಲ್ಲ. ವಿರಾಮದ ಹೊತ್ತಿಗೆ ನಾವು ಒಂಬತ್ತು ಹಿಂದಿದ್ದೆವು. ಅಷ್ಟು ಭಾರ ಹೊತ್ತ ತಂಡ ನಮ್ಮೂರಿನಲ್ಲಿ ಮೂವತ್ತಕ್ಕಿಂತ ಕಡಿಮೆ ಅಂತರದಲ್ಲಿ ಎಂದೂ ಇದ್ದದ್ದಿಲ್ಲ.

“ಹೆಂಗಿದೆ ಭಾರ?” ಎಂದು ಕೇಳಿದೆ. ರಂಗಿಯ ಮುಖದಿಂದ ಬೆವರು ಹರಿಯುತ್ತಿತ್ತು. “ಸಾಕಮ್ಮನ ಹತ್ತರಷ್ಟಿದೆ ಮೇಡಂ,” ಎಂದಳು, “ಆದ್ರೆ ಚೆನ್ನಾಗಿದೆ.”

ಎರಡನೇ ಅರ್ಧದಲ್ಲಿ ನಾವು ಸ್ವಲ್ಪ ಸ್ವಲ್ಪವೇ ಮುಂದೆ ಬಂದೆವು. ಬುರುಜಿನವರು ಹಾರಿ ಹಾರಿ ದಣಿದಿದ್ದರು. ನಮ್ಮವರು ನಿಂತಲ್ಲಿ ನಿಂತು ಅವರಿಗೆ ದಾರಿಯೇ ಇಲ್ಲದಂತೆ ಮಾಡಿದ್ದರು. ಡಿಕ್ಕಿ ಹೊಡೆದವರು ತಾವೇ ಹಿಂದಕ್ಕೆ ಪುಟಿಯುತ್ತಿದ್ದರು. ಕೊನೆಯ ನಿಮಿಷ ಶುರುವಾದಾಗ ನಾವು ಒಂದೇ ಅಂಕ ಹಿಂದೆ. ಆದರೆ ಚೆಂಡು ಅವರ ಕೈಯಲ್ಲಿತ್ತು. ಸುಮ್ಮನೆ ಹಿಡಿದುಕೊಂಡು ಆಡಿದರೆ ಸಾಕು, ಹೊತ್ತು ಮುಗಿದುಹೋಗುತ್ತಿತ್ತು. ಕೈಗಡಿಯಾರ ನೋಡಿಕೊಂಡ ಜನ ‘ಆಯ್ತು, ಬುರುಜಿನವರದೇ’ ಎಂದುಕೊಂಡರು. ಕೆಲವರು ಎದ್ದು ಚಪ್ಪಲಿ ಹುಡುಕತೊಡಗಿದರು. ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಳ್ಳೇಕೆ ಹೇಳಲಿ, ನಾನೂ ಅಷ್ಟು ಹೊತ್ತಿಗೆ ಕೈಚೆಲ್ಲಿದ್ದೆ.

ನಮ್ಮೂರಿನಲ್ಲಿ ನಂಬಿಕೆ ಅಷ್ಟು ಬೇಗ ಪಕ್ಷ ಬದಲಿಸಿದ್ದು ಅದೇ ಮೊದಲು. ಊರಿಗೆ ಊರೇ ಬುರುಜಿನವರ ಮೇಲೆ ಹೋಗಿ ಬಿತ್ತು. ಹಗುರಾಗಿರುವುದೊಂದನ್ನೇ ಕಲಿತಿದ್ದ ಹುಡುಗಿಯರು, ಪಾಪ, ಚೆಂಡು ಹಿಡಿದಿದ್ದವಳು ಹಾಗೇ ಕುಕ್ಕರಿಸಿದಳು. ಚೆಂಡು ಕೈ ಜಾರಿ ಉರುಳಿತು. ನಸೀಮಾ ಅದರ ಮೇಲೆ ಎರಗಿದಳು. ನಾನು ಹೋ ಎಂದು ಕೂಗಿದೆ. ಕೂಗಿದ್ದಷ್ಟೇ ಬಂತು. ಏಕೆಂದರೆ ನಾನು ಒಂದು ದೊಡ್ಡ ಪೆದ್ದತನ ಮಾಡಿಬಿಟ್ಟಿದ್ದೆ. ಎರಡು ತಿಂಗಳು ಈ ಹುಡುಗಿಯರಿಗೆ ಭಾರವನ್ನೇ ಅಭ್ಯಾಸ ಮಾಡಿಸಿದ್ದೆ. ಇದ್ದಕ್ಕಿದ್ದಂತೆ ಭಾರ ಇಳಿದುಹೋದರೆ ಏನು ಮಾಡಬೇಕೆಂದು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ನಸೀಮಾ ಬುಟ್ಟಿಯ ಕಡೆ ಒಂದು ಹೆಜ್ಜೆ ಇಡಲು ಹೋಗಿ ನಾಲ್ಕು ಹೆಜ್ಜೆಯಷ್ಟು ತೇಲಿದಳು, ಗಾಬರಿಯಲ್ಲಿ ಎಸೆದ ಚೆಂಡು ಹಲಗೆಗೆ ಬಡಿದು ವಾಪಸು ಬಂತು. ಹಿಡಿಯಲು ಜಿಗಿದ ಇನ್ನಿಬ್ಬರು ಚೆಂಡಿಗಿಂತ ಮೇಲೆ ಹೋಗಿಬಿಟ್ಟರು. ಅದು ಅವರ ಕಾಲಡಿಯಿಂದ ಹಾದು, ಪುಟಿದು ಪುಟಿದು, ಗೆರೆಯ ಹತ್ತಿರ ನಿಂತಿದ್ದ ರಂಗಿಯ ಮುಂದೆ ಬಂತು.

“ಓಡು ರಂಗಿ! ಹಗುರಾಗಿದೀಯ, ಓಡು!” ಎಂದು ಗಂಟಲು ಹರಿಯುವಂತೆ ಕಿರುಚಿದೆ.

“ಇಲ್ಲ ಮೇಡಂ,” ಎಂದಳು ಅವಳು. “ನಾನಿನ್ನೂ ಭಾರನೇ ಇದೀನಿ.”

ಅವಳು ನಗುತ್ತಿದ್ದಳು. ಮುಖದಲ್ಲಿ ಹಿಡಿಸಲಾರದಷ್ಟು ನಗು. ನಾನು ಥಟ್ಟನೆ ಮೆಟ್ಟಿಲ ಕಡೆ ತಿರುಗಿದೆ. ಎಲ್ಲರೂ ಎದ್ದು ನಿಂತಿದ್ದರು, ಬುರುಜಿನವರನ್ನು ನೋಡುತ್ತಲೇ ಕೊಡೆ ಚೀಲ ಹೆಗಲಿಗೆ ಹಾಕುತ್ತಿದ್ದರು. ಮೂರನೇ ಸಾಲಿನಲ್ಲಿ ಒಬ್ಬ ಮನುಷ್ಯ ಮಾತ್ರ ಮಂಡಿಯ ಮೇಲೆ ಕೈಯಿಟ್ಟುಕೊಂಡು, ಇನ್ನೂ ಆಟ ಈಗ ತಾನೇ ಶುರುವಾಗಿದೆ ಎಂಬಂತೆ ಕೂತು ನೋಡುತ್ತಿದ್ದರು. ಇಡೀ ಊರು ಕೈಬಿಟ್ಟ ಮೇಲೂ ನನ್ನ ತಂಡದ ನಾಯಕಿಯನ್ನು ನೆಲದ ಮೇಲೆ ಹಿಡಿದು ನಿಲ್ಲಿಸಿದ್ದ ತೂಕ ಅದೊಂದೇ. ನನಗೆ ಅಳು ಬಂತು, ಹೇಳಿಬಿಡುತ್ತೇನೆ.

ಬುರುಜಿನ ನಾಯಕಿ ರಂಗಿಯ ಎದುರಿಗೇ ಇದ್ದಳು. ತಡೆಯಲು ತೋಳೆತ್ತಿದಳು, ಅದು ಸೊಂಟದ ಮೇಲಕ್ಕೆ ಏಳಲಿಲ್ಲ. ರಂಗಿ ಅವಸರ ಮಾಡಲಿಲ್ಲ. ಮಂಡಿ ಬಾಗಿಸಿದಳು, ಚೆಂಡನ್ನು ಕಾಲ ಸಂದಿಗೆ ತಂದಳು, ಹೊತ್ತ ಭಾರವನ್ನೆಲ್ಲ ತೋಳಿಗೆ ಬಿಟ್ಟು ತೂಗಿದಳು. ಚೆಂಡು ಮೇಲೆ ಹೋಗುತ್ತಿರುವಾಗಲೇ ಕೊನೆಯ ಸೀಟಿ ಕೇಳಿಸಿತು. ಬುಟ್ಟಿಯ ಬಲೆ ಅಲ್ಲಾಡಿದ್ದು ಆಮೇಲೆ, ಆದರೆ ಸೀಟಿಗೆ ಮೊದಲೇ ಕೈಬಿಟ್ಟಿದ್ದ ಚೆಂಡು, ಎರಡು ಅಂಕ ನಮ್ಮವೇ.

ಚಪ್ಪಲಿ ಹುಡುಕುತ್ತಿದ್ದವರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಹೊರಡುವಾಗ ಎಲ್ಲರೂ ನಂಬಿ ಕಳಿಸಿದ ತಂಡ, ನಂಬಿದ ಅಪ್ಪನ ಕಣ್ಣೆದುರೇ ಗೆದ್ದದ್ದು ನಮ್ಮೂರಿನ ಟೂರ್ನಿಯಲ್ಲಿ ಅದೇ ಮೊದಲು. ಮರುದಿನ ಪತ್ರಿಕೆಯವರು ‘ಅಚ್ಚರಿಯ ಫಲಿತಾಂಶ: ನಿರೀಕ್ಷಿಸಿದವರೇ ಗೆದ್ದರು’ ಎಂದು ದಪ್ಪ ಅಕ್ಷರದಲ್ಲಿ ಹಾಕಿದರು. ದಾಕ್ಷಾಯಿಣಿ ನನ್ನ ಕೈ ಹಿಡಿದು, “ಭಾರ ಹೊರೋದನ್ನ ನಮ್ಮವ್ರಿಗೂ ಕಲಿಸ್ತೀಯೇನೇ?” ಎಂದಳು. “ಮೊದ್ಲು ಅವ್ರ ಅಪ್ಪ ಅಮ್ಮನ್ನ ಸೊಪ್ಪಿನ ಮಾರ್ಕೆಟ್ಟಿಂದ ಕರ್ಕೊಂಡ್ ಬಾ” ಎಂದೆ. ಆಮೇಲೆ ಸಾಕಮ್ಮ ಕೂಗಿದಳು, ಅವಳ ಹಿಂದೆ ಎಲ್ಲರೂ ಕೂಗಿದರು. ಹುಡುಗಿಯರು ರಂಗಿಯನ್ನು ಹೆಗಲ ಮೇಲೆ ಎತ್ತಲು ಹೋದರು. ನಾಲ್ವರು ಸೇರಿ ಹೆಣಗಿದರೂ ಒಂದು ಅಂಗುಲ ಮೇಲೇಳಲಿಲ್ಲ.

ರಂಗಿ ಅವರನ್ನು ಬಿಡಿಸಿಕೊಂಡು ಮೆಟ್ಟಿಲ ಕಡೆಗೆ ನಡೆದಳು. ಒಂದೊಂದು ಹೆಜ್ಜೆಗೂ ಸಿಮೆಂಟು ಧಡ್ ಎನ್ನುತ್ತಿತ್ತು. ಕೆಳಗಿನ ಮೆಟ್ಟಿಲವರೆಗೂ ಹೋದಳು, ಕಾಲೆತ್ತಿ ಮೇಲೆ ಇಡಲು ಅವಳಿಂದ ಆಗಲಿಲ್ಲ. ಮೂರು ಮೆಟ್ಟಿಲ ಆಚೆ ಅವಳಪ್ಪ ಕೂತಿದ್ದರು, ಎವೆಯಿಕ್ಕದೆ ಅವಳನ್ನೇ ನೋಡುತ್ತ.

“ಅಪ್ಪಾ,” ಎಂದಳು ರಂಗಿ, ಅಳುತ್ತ ನಗುತ್ತ, “ಸ್ವಲ್ಪ ಕಣ್ಣು ಮುಚ್ಕೊಳಪ್ಪ. ನಿನ್ನ ಹತ್ರ ಬರಕ್ಕಾಗ್ತಿಲ್ಲ.”

ಗವಿರಂಗಯ್ಯ ಇಲ್ಲ ಎಂದು ತಲೆಯಾಡಿಸಿದರು.

“ಎರಡು ವರ್ಷ ಮುಚ್ಕೊಂಡೇ ಇದ್ನಲ್ಲ ಮಗಳೇ,” ಎಂದರು. “ನೀನು ಅಲ್ಲೇ ಇರು. ನಾನೇ ಬರ್ತೀನಿ.”

ಕಣ್ಣು ಕೀಳದೆ, ಕಾಲಿನಲ್ಲೇ ಮೆಟ್ಟಿಲು ತಡಕಾಡುತ್ತ, ಅವರು ಇಳಿದು ಬಂದರು.